ತಿಲ್ಲವ್ವನ ಹಣೆಗೆ ಭಂಡಾರ

ನಾನು ಹೋಗಿ ಬಂದ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ನನ್ನ ಬಾಯಲ್ಲಿ ತಿರುಗುವುದಿಲ್ಲ ಎಂದು ನಮ್ಮೂರಿನ ಕೆಲವರು ಹಬ್ಬಿಸಿದ್ದಾರೆ. ಅದು ಸುಳ್ಳು. ನಾಲ್ಕು ಸಲ ಹೇಳಿದರೆ ಒಂದು ಸಲವಾದರೂ ಸರಿಯಾಗಿ ಬರುತ್ತದೆ. ನನ್ನನ್ನು ಕರೆದುಕೊಂಡು ಹೋದ ಪಂಪ್‌ಸೆಟ್ ಕಂಪನಿಯವರೇ, "ಬೀರಪ್ಪನವರ, ಏನರ ಬರಕೋರಿ, ಆದ್ರ ದೇಶದ ಹೆಸರು, ಕಂಪನಿ ಹೆಸರು ಎರಡೂ ಬ್ಯಾಡ್ರಿ" ಎಂದು ಕೈ ಮುಗಿದಿದ್ದಾರೆ. ತಣ್ಣನೆಯ ದೇಶ, ಮಳೆ ಬಂದರೂ ಯಾರೂ ಓಡದ ದೇಶ, ಅಷ್ಟು ತಿಳಿದರೆ ಸಾಕು. ಅಲ್ಲಿಯ ಹುಲ್ಲು ಹಸಿರು, ಮೋಡ ಬೂದು, ಮತ್ತು ಆ ದೇಶದ ಅಧ್ಯಕ್ಷೆಯ ಮನೆಯ ನಾಯಿ ಕೆಲವು ದಿನ ಹಳದಿ. ಆ ಹಳದಿ ನನ್ನ ಕೈಯದು.

ಸಾವಳಗಿ: ಫೋನಿನೊಳಗಿನ ನಾಯಿ

ಸಾವಳಗಿ ಬಸ್ ನಿಲ್ದಾಣದ ಹಿಂದೆ ನನ್ನ ಮೋಟರ್ ರಿವೈಂಡಿಂಗ್ ಅಂಗಡಿ ಇದೆ, ಅದಕ್ಕೆ ಹತ್ತಿಯೇ ಮನೆ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟೆ. ಜಮಖಂಡಿಯಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ತಾಮ್ರದ ತಂತಿ ಸುತ್ತುವುದನ್ನು ಕಲಿತೆ. ಆಮೇಲೆ ಸ್ವಂತ ಅಂಗಡಿ ಹಾಕಿದೆ, ಈಗ ಹೊಸ ಪಂಪ್‌ಸೆಟ್ಟುಗಳನ್ನೂ ಮಾರುತ್ತೇನೆ. ಬೀಳಗಿಯಿಂದ ಮುಧೋಳದವರೆಗೆ ಕಬ್ಬಿಗೆ ನೀರು ಹಾಯುವುದೇ ನನ್ನ ಕೈಯಿಂದ ಎಂದು ನಾನು ಹೇಳಿಕೊಳ್ಳುತ್ತಿರುತ್ತೇನೆ. ಕಬ್ಬಿನವರು ಹಾಗೆ ಹೇಳಿದ್ದನ್ನು ಮಾತ್ರ ಇನ್ನೂ ಕೇಳಿಲ್ಲ.

ಹೆಚ್ಚು ಪಂಪು ಮಾರಿದ ಅಂಗಡಿಕಾರರನ್ನು ಕಂಪನಿಯವರು ಗಂಡ ಹೆಂಡತಿ ಸಮೇತ ಪರದೇಶಕ್ಕೆ ಕರೆದೊಯ್ಯುವ ರೂಢಿ ಇದೆ. ಈ ಸಲ ಅದರಲ್ಲಿ ನನ್ನ ಹೆಸರು ಬಂತು. ಅಂದು ಸಂಜೆ ಜಮಖಂಡಿ ಕಾಲೇಜಿನಲ್ಲಿ ಓದುವ ನನ್ನ ಮಗಳು ಭಾಗ್ಯಾ, ಅಪ್ಪ ಹೋಗುವ ದೇಶ ಹೇಗಿದೆ ಎಂದು ತನ್ನ ಅಜ್ಜಿಗೆ ತೋರಿಸಲು ಫೋನ್ ತೆಗೆದಳು. ಗುಡ್ಡ, ಹೊಳೆ, ಅರಮನೆ ಬರಬಹುದು ಎಂದುಕೊಂಡಿದ್ದೆ. ಬಂದದ್ದು ನಾಯಿ.

ಅದರ ಹೆಸರು ಟಿಲ್ಲಿ. ಬಿಳಿ ಉಣ್ಣೆಯ ಮುದ್ದೆಗೆ ನಾಲ್ಕು ಗಿಡ್ಡ ಕಾಲು ಚುಚ್ಚಿದ ಹಾಗಿತ್ತು. ಕಾರಿನಿಂದ ಮೊದಲು ಅದು ಇಳಿಯುತ್ತದೆ, ಆಮೇಲೆ ದೇಶದ ಅಧ್ಯಕ್ಷೆ ಇಳಿಯುತ್ತಾಳೆ. ಕ್ಯಾಮೆರಾಗಳೆಲ್ಲ ನಾಯಿಯ ಹಿಂದೆ ಹೋಗುತ್ತವೆ, ಅಧ್ಯಕ್ಷೆ ತನ್ನ ಚೀಲ ತಾನೇ ಹಿಡಿದು ಹಿಂದಿನಿಂದ ಬರುತ್ತಾಳೆ. ನನ್ನ ಅವ್ವ ಕೆಂಚವ್ವ ಪ್ರಾಯದಲ್ಲಿ ಕುರಿ ಹಿಂಡಿನ ಹಿಂದೆ ಕೃಷ್ಣೆಯ ದಂಡೆಯುದ್ದಕ್ಕೂ ನಡೆದವಳು. ಅವಳಿಗೆ ಮನುಷ್ಯರಿಗಿಂತ ನಾಯಿಗಳ ಪರಿಚಯವೇ ಹೆಚ್ಚು. ಅವಳು ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಕುರಿ ಹಂಗ ಕಾಣತೈತಿ, ನಾಯಿ ಹಂಗ ನಡೀತೈತಿ. ಎರಡೂ ಒಂದರಾಗ ಇಟ್ಟಾನ ನೋಡ ದೇವರು!"

ಅಂದಿನಿಂದ ಟಿಲ್ಲಿ ನಮ್ಮ ಮನೆಯಲ್ಲಿ ತಿಲ್ಲವ್ವ ಆದಳು. ದಿನಾ ಸಂಜೆ ಅವ್ವನದು ಒಂದೇ ಮಾತು. "ಭಾಗೀ, ಇವತ್ತು ತಿಲ್ಲವ್ವ ಏನ್ ಮಾಡಿದ್ಲು, ಹಚ್ಚ ನೋಡೂನು."

ನನಗೆ ಇದು ಸೇರುತ್ತಿರಲಿಲ್ಲ. ನನ್ನ ಅಂಗಡಿಯ ಮುಂದೆ ಸರ್ಜಾ ಮಲಗಿರುತ್ತಾನೆ. ತಿಮ್ಮಾಪುರದ ಕಡೆಯಿಂದ ತಂದ ಅಸಲಿ ಮುಧೋಳ ನಾಯಿ. ಬಾಣದ ಹಾಗೆ ಮೂತಿ, ಬಿಲ್ಲಿನ ಹಾಗೆ ಬೆನ್ನು. ಮನೆಯಲ್ಲಿ ಇಂಥ ನಾಯಿ ಇರುವಾಗ ಪರದೇಶದ ಒಂದು ಉಣ್ಣೆ ಉಂಡೆಯನ್ನು ನೋಡಿ ಮರುಳಾಗುವುದೆಂದರೇನು? ಆ ತಿಲ್ಲವ್ವ ಮೊಲದ ಬೆನ್ನು ಹತ್ತಿದರೆ ಮೊಲವೇ ತಿರುಗಿ ನಿಂತು ನಕ್ಕೀತು.

ಅಷ್ಟರಲ್ಲಿ ತಿಲ್ಲವ್ವನ ಹೊಟ್ಟೆಗೆ ಆಪರೇಶನ್ ಆಯಿತು. ಆ ದೇಶದ ಮಂದಿ ಅಧ್ಯಕ್ಷೆಯ ಮನೆಯ ಗೇಟಿಗೆ ಹೂವು ತಂದಿಟ್ಟರಂತೆ. ಇಲ್ಲಿ ಸಾವಳಗಿಯಲ್ಲಿ ನನ್ನ ಅವ್ವ ನಮ್ಮ ಮನೆದೇವರು ಬೀರಪ್ಪನಿಗೆ ಹರಕೆ ಹೊತ್ತಳು, ನನ್ನ ಹೆಸರೂ ಆ ದೇವರದೇ. ನಾಯಿ ಎದ್ದು ಓಡಾಡಿದರೆ ಅದರ ಹಣೆಗೆ ದೇವರ ಭಂಡಾರ ಹಚ್ಚಿಸುತ್ತೇನೆ ಎಂದು. ಭಂಡಾರವೆಂದರೆ ಗುಡಿಯ ಅರಿಷಿಣ ಪುಡಿ. ನಮ್ಮ ಮಂದಿ ಕುರಿಗೂ ನಾಯಿಗೂ ಮಕ್ಕಳಿಗೂ ಅದನ್ನೇ ಹಚ್ಚುತ್ತಾರೆ. ನಾಯಿ ಎದ್ದಿತು. ಹರಕೆ ತೀರಿಸುವುದು ಉಳಿಯಿತು.

"ಯವ್ವಾ, ಅದಕ್ಕ ಡಾಕ್ಟರ್ ಮಂದಿ ಪಾಳಿ ಹಚ್ಚಿ ನಿಂತಿದ್ರು. ನಿನ್ನ ಭಂಡಾರದಿಂದ ಎದ್ದೈತೇನ ಅದು?" ಎಂದೆ.

"ಡಾಕ್ಟರಗ ಕೊಡಬೇಕಾದ್ದು ಅವರು ಕೊಟ್ಟಾರ. ದೇವರಿಗೆ ಕೊಡಬೇಕಾದ್ದು ನಂದೈತಿ. ಯಾರ ಹಟ್ಟಿ ನಾಯಿ ಅಂತ ಕೇಳಿ ಹರಕಿ ಹೊತ್ತಾಕಿ ಅಲ್ಲ ನಾ."

"ಆತ ಬಿಡು, ಸರ್ಜಾನ ಹಣಿಗೆ ಹಚ್ಚಿ ಬಿಡೂನು."

"ನಿನ್ನ ಲಗ್ನದಾಗ ಬಾಸಿಂಗ ಬ್ಯಾರೇದಾಂವಗ ಕಟ್ಟಿದ್ರ ನಡೀತಿತ್ತೇನಲೇ?"

ಒಳಗಿನಿಂದ ನನ್ನ ಹೆಂಡತಿ ರತ್ನವ್ವ ಅಂದಳು, "ನಡೀತಿತ್ತರಿ ಅತ್ತಿ. ನನಗ ಛಲೋನ ಆಗತಿತ್ತು."

ಅವ್ವ ನಗಲಿಲ್ಲ. "ಬೀರ್ಯಾ, ಹರಕಿ ತಲಿ ಮ್ಯಾಲ ಇಟ್ಕೊಂಡು ನನಗ ಕಣ್ಣ ಹತ್ತವಲ್ದು. ಇವತ್ತ ಇದ್ದೇನಿ, ನಾಳೆ ಹೆಂಗೋ ಏನೋ. ನೀ ಹೆಂಗೂ ಅಲ್ಲಿಗೇ ಹೊಂಟೀದಿ. ಹಚ್ಚಿ ಬಾರಪ್ಪಾ."

ಅವ್ವ ನನ್ನನ್ನು ಏನನ್ನೂ ಕೇಳುವವಳಲ್ಲ. ಸೀರೆ ತಂದರೂ ಯಾಕೆ ತಂದೆ ಎಂದು ಬೈಯುವವಳು. ಅವಳು ಕೇಳಿದ್ದು ಇದೊಂದು. ಅಂಗಡಿಯ ಮುಂದೆ ಮೋಟರ್ ತಂದ ರೈತರು ನಿಂತಿದ್ದರು, ಅವರಿಗೂ ಕೇಳಿಸಲೆಂದು ಜೋರಾಗಿಯೇ ಅಂದೆ: "ಹಚ್ಚಿ ಬರತೇನ ಬೇ. ಅದರಾಗೇನೈತಿ?"

ಮರುದಿನದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಚಹಾದಂಗಡಿಯಲ್ಲಿ ಒಬ್ಬ, "ಬೀರಪ್ಪಣ್ಣ, ಆ ದೇಶದ ಅಧ್ಯಕ್ಷಿನ್ನ ಕಂಡು ಬರತಿ ಏನು?" ಎಂದು ಕೇಳಿದರೆ, ಇನ್ನೊಬ್ಬ, "ಅವರ ನಾಯೀನ ಕಂಡು ಬರ್ತಾನಂತ, ಅವನ ಮಟ್ಟಕ್ಕ ಅಷ್ಟ" ಎಂದ.

ಹೊರಡುವ ಮುಂಜಾನೆ ಅವ್ವ ಒಂದು ಪುಟ್ಟ ಬಟ್ಟೆಯ ಚೀಲ ಕೊಟ್ಟು ಕ್ರಮ ಹೇಳಿದಳು. ಮೊದಲು ಹಣೆಗೆ ಹಚ್ಚಬೇಕು. ಮುಷ್ಟಿಯಲ್ಲಿ ಉಳಿದದ್ದನ್ನು ಬೆನ್ನಿನ ಮೇಲೆ ಹಾರಿಸಬೇಕು. ಹೊರಗೆ ತೆಗೆದ ಭಂಡಾರ ಮರಳಿ ಚೀಲಕ್ಕೆ ಹೋಗಬಾರದು. "ಮೊದಲ ಹಣಿ. ನೆನಪಿರಲಿ. ಹಣಿ ಬಿಟ್ಟು ಬೆನ್ನಿಗೆ ಬಿದ್ರ ಹರಕಿ ಮುಟ್ಟಂಗಿಲ್ಲ." ನಾನು ವಾಚು ಕಟ್ಟಿಕೊಳ್ಳುತ್ತ ಹೂಂ ಎಂದೆ.

ವಿಮಾನ ನಿಲ್ದಾಣ: ಉಡದಾರ ಮತ್ತು ಚಟ್ನಿ

ನಮ್ಮ ತಂಡವನ್ನು ನೋಡಿಕೊಳ್ಳಲು ಕಂಪನಿಯ ಕುಲಕರ್ಣಿ ಸಾಹೇಬರು ಬಂದಿದ್ದರು. ಬಾಗಲಕೋಟೆಯವರು, ಮಾತು ಮೆತ್ತಗೆ, ಸ್ವಭಾವ ಹೆದರಿಕೆಯದು. ನಮ್ಮ ಕಡೆಯಿಂದ ಇನ್ನೊಬ್ಬ ಬನಹಟ್ಟಿಯ ಈರಣ್ಣ. ಅವನ ಮನೆತನ ಮಗ್ಗದ್ದು, ಅವನು ಪಂಪಿನ ವ್ಯಾಪಾರಕ್ಕೆ ಬಂದವನು. ನನಗಿಂತ ಹೆಚ್ಚು ಮಾರುತ್ತಾನೆ ಎಂದು ಅವನೂ, ಇಲ್ಲವೆಂದು ನಾನೂ ಹೇಳುತ್ತೇವೆ.

ನಿಲ್ದಾಣದ ಯಂತ್ರದ ಬಾಗಿಲಲ್ಲಿ ನಾನು ಕಾಲಿಟ್ಟರೆ ಸಾಕು, ಅದು ಕೂಗುತ್ತಿತ್ತು. ವಾಚು ತೆಗೆದೆ, ಬೆಲ್ಟು ತೆಗೆದೆ, ಆದರೂ ಕೂಗು ನಿಲ್ಲಲಿಲ್ಲ. ಕೊನೆಗೆ ನೆನಪಾಯಿತು, ಸೊಂಟದ ಬೆಳ್ಳಿ ಉಡದಾರ. ತೊಟ್ಟಿಲಿನಿಂದ ಈವರೆಗೆ ಅದು ಸೊಂಟ ಬಿಟ್ಟದ್ದಿಲ್ಲ. ಬೆಲ್ಟು ಬಿಚ್ಚಿದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಅಂಗಿ ಎತ್ತಿ, ಸಮವಸ್ತ್ರದ ಹುಡುಗನಿಗೆ ಉಡದಾರ ತೋರಿಸುತ್ತ ನಿಂತೆ. ನಮ್ಮ ಹಿಂದೆ ದೊಡ್ಡ ಪಾಳಿ ಇತ್ತು. "ಲೇ ಬೀರಪ್ಪಾ, ಪರದೇಶ ಇನ್ನೂ ದೂರ ಐತಿ, ಇಲ್ಲೇ ಎಲ್ಲಾ ತೋರಿಸಬ್ಯಾಡೋ" ಎಂದು ಈರಣ್ಣ ಕೂಗಿದ.

ಆ ದೇಶದಲ್ಲಿ ಇಳಿದ ಮೇಲೆ ಚೀಲ ತಪಾಸಣೆಗೆ ರತ್ನವ್ವನ ಗಂಟು ಸಿಕ್ಕಿತು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅದರ ಪಕ್ಕದಲ್ಲಿ ಅವ್ವ ಕೊಟ್ಟ ಚೀಲ. ಅಲ್ಲಿಯ ಅಧಿಕಾರಿ ಕೈಗವಸು ಹಾಕಿಕೊಂಡು ಶೇಂಗಾ ಚಟ್ನಿಯನ್ನು ಮೂಸಿ ನೋಡಿದ. ಸೀನಲು ಶುರು ಮಾಡಿದ. ಸೀನುತ್ತಲೇ ಭಂಡಾರವನ್ನು ತೋರಿಸಿ, ಇದೇನು ಎಂದು ಹುಬ್ಬು ಎತ್ತಿದ. ದೇವರ ಭಂಡಾರ ಎನ್ನುವುದನ್ನು ಕೈಸನ್ನೆಯಲ್ಲಿ ಹೇಗೆ ಹೇಳುವುದು? ರತ್ನವ್ವ ಐದೂ ಬೆರಳು ಕೂಡಿಸಿ ಬಾಯಿಗೆ ಒಯ್ದು, ಉಣ್ಣುವ ಪದಾರ್ಥ ಎಂದು ತೋರಿಸಿದಳು. ಅವನು ಇನ್ನೊಂದು ಸಲ ಸೀನಿ, ಹೋಗಿ ಎಂದ. ಹೀಗೆ ಬೀರಪ್ಪ ದೇವರ ಭಂಡಾರ ಆ ದೇಶವನ್ನು ಸಾರಿನ ಪುಡಿಯಾಗಿ ಹೊಕ್ಕಿತು. ನಾವು ಆಗ ನಕ್ಕೆವು. ಅದು ಮುಂದೆ ನನ್ನ ಕುತ್ತಿಗೆಗೆ ಬಂತು.

ಆ ಊರು: ಎಲ್ಲಿ ನೋಡಿದಲ್ಲಿ ಟಿಲ್ಲಿ

ನನಗೆ ಬರುವ ಇಂಗ್ಲಿಷ್ ಎಲ್ಲಾ ಮೋಟರಿನ ಮೇಲೆ ಬರೆದದ್ದು. ಆನ್, ಆಫ್, ಲೋಡ್, ಡೇಂಜರ್, ಅರ್ಥಿಂಗ್, ವೋಲ್ಟೇಜ್. ಅಷ್ಟರಲ್ಲಿಯೇ ಒಂದು ದೇಶವನ್ನು ತಿರುಗಬಹುದು ಎಂದು ನಾನು ಕಂಡುಕೊಂಡೆ. ಹೋಟೆಲಿನವಳು ತಟ್ಟೆಗೆ ಇನ್ನಷ್ಟು ಬಡಿಸಲು ಬಂದರೆ "ಫುಲ್ ಲೋಡ್" ಎನ್ನುತ್ತಿದ್ದೆ. ನಡೆದು ಸುಸ್ತಾದರೆ "ವೋಲ್ಟೇಜ್ ಲೋ" ಎಂದು ಕುಳಿತುಬಿಡುತ್ತಿದ್ದೆ. ಕುಲಕರ್ಣಿ ಸಾಹೇಬರು ಬೇರೆ ಕಡೆ ನೋಡುತ್ತಿದ್ದರು.

ಆ ಊರಿನಲ್ಲಿ ಎಲ್ಲಿ ನೋಡಿದರೂ ತಿಲ್ಲವ್ವ. ಚಹಾ ಕಪ್ಪಿನ ಮೇಲೆ, ಕೊಡೆಯ ಮೇಲೆ, ಮಕ್ಕಳ ಚೀಲದ ಮೇಲೆ. ಒಂದು ಬೇಕರಿಯಲ್ಲಿ ಅವಳ ಆಕಾರದ ಬಿಸ್ಕೀಟು, ಕಿವಿಗೆ ತೆಂಗಿನ ತುರಿ. ನಮ್ಮ ಬಸ್ಸಿನ ಚಾಲಕ ಇಡೀ ದಾರಿ ಮಾತಾಡಲಿಲ್ಲ, ಯಾರೋ ಟಿಲ್ಲಿ ಎಂದ ಕೂಡಲೇ ಕಾಲು ಗಂಟೆ ಮಾತು ನಿಲ್ಲಿಸಲಿಲ್ಲ, ಕುಲಕರ್ಣಿ ಸಾಹೇಬರು ಅದನ್ನು ನಮಗೆ ಕನ್ನಡದಲ್ಲಿ ಹೇಳುತ್ತ ಬಂದರು. ಅವಳಿಗೆ ಗುಡುಗಿನ ಭಯ, ಅವಳಿಗೆ ಪಕ್ಕದ ದೇಶದ ರಾಯಭಾರಿಯನ್ನು ಕಂಡರೆ ಆಗುವುದಿಲ್ಲ, ಅವಳು ಒಮ್ಮೆ ಸಭೆಯ ನಡುವೆ ಗೊರಕೆ ಹೊಡೆದಳು. ಅಧ್ಯಕ್ಷೆ ಹೇಗೆ ಎಂದು ಕುಲಕರ್ಣಿ ಸಾಹೇಬರು ಕೇಳಿದರೆ ಭುಜ ಹಾರಿಸಿದ. ಇದ್ದಾರೆ, ಅಷ್ಟೇ.

ನಮ್ಮ ಕಡೆ ಮುಖಂಡರು ಬಂದರೆ ಜೇಸೀಬಿಯಿಂದ ಸೇಬು ಹಣ್ಣಿನ ಹಾರ ಹಾಕುತ್ತೇವೆ. ಹಾರ ಹಾಕಿ ಮುಗಿಯುವುದರೊಳಗೆ ಸೇಬು ಕಿತ್ತುಕೊಂಡು ತಿನ್ನುತ್ತೇವೆ. ನಾನೂ ಒಂದು ಸಲ ಹೋಗಿ ಅಂಗಿಯ ಗುಂಡಿ ಕಳೆದುಕೊಂಡು ಅರ್ಧ ಸೇಬು ತಂದಿದ್ದೇನೆ. ಆ ಮುಖಂಡರ ಮನೆಯಲ್ಲಿ ನಾಯಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಬೇಕೆಂದು ಅನ್ನಿಸಿಯೂ ಇಲ್ಲ. ಇಲ್ಲಿಯ ಮಂದಿ ಅಧ್ಯಕ್ಷೆಗೆ ಹೂವು ಕೊಡುವುದಿಲ್ಲ, ಅವಳ ನಾಯಿಯ ಹೊಟ್ಟೆ ನೋವಿಗೆ ಅಳುತ್ತಾರೆ. ಯಾವುದು ಸರಿ ಎಂದು ಹೇಳುವಷ್ಟು ಓದಿದವನಲ್ಲ ನಾನು.

ಪ್ರತಿ ಶನಿವಾರ ಮುಂಜಾನೆ ಅಧ್ಯಕ್ಷೆಯ ಯಜಮಾನರು ತಾವೇ ತಿಲ್ಲವ್ವನನ್ನು ಊರ ನಡುವಿನ ತೋಟಕ್ಕೆ ತಿರುಗಾಡಿಸಲು ತರುತ್ತಾರೆ, ಜನ ಪಾಳಿಯಲ್ಲಿ ನಿಂತು ಅವಳ ಮೈ ಸವರಿ ಹೋಗುತ್ತಾರೆ ಎಂದು ಚಾಲಕ ಹೇಳಿದ. ನಾವು ಇರುವಾಗ ಒಂದು ಶನಿವಾರ ಬರುತ್ತಿತ್ತು. ಊರಿನಲ್ಲಿ "ಅದರಾಗೇನೈತಿ" ಎಂದದ್ದು ಇಷ್ಟು ಸಲೀಸಾಗಿ ಆದೀತೆಂದು ಅಂದುಕೊಂಡಿರಲಿಲ್ಲ.

ತೋಟದ ಗೇಟು: ಶನಿವಾರ

ಕುಲಕರ್ಣಿ ಸಾಹೇಬರಿಗೆ ಭಂಡಾರದ ವಿಷಯ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾರೆ. ನಾಯಿ ನೋಡಿ ಬರುತ್ತೇವೆ ಎಂದಷ್ಟೇ ಹೇಳಿ ನಾನು, ರತ್ನವ್ವ, ಈರಣ್ಣ ಪಾಳಿಯಲ್ಲಿ ನಿಂತೆವು. ಮುಂಜಾನೆ ರೊಟ್ಟಿ ಚಟ್ನಿ ತಿಂದು ಬಂದಿದ್ದೆವು. ಚೀಲ ನನ್ನ ಅಂಗಿಯ ಕಿಸೆಯಲ್ಲಿತ್ತು.

ಪಾಳಿಯೆಂದರೆ ಪಾಳಿ. ಯಾರೂ ತಳ್ಳುವುದಿಲ್ಲ. ಇಬ್ಬರ ನಡುವೆ ಒಂದು ಎಮ್ಮೆ ನಿಲ್ಲುವಷ್ಟು ಜಾಗ. ಆ ಜಾಗ ನೋಡಿ ಈರಣ್ಣ ತಡೆಯಲಾರದೆ ಎರಡು ಸಲ ಮುಂದೆ ಸರಿದ, ಎರಡು ಸಲವೂ ಯಾರೂ ಏನೂ ಅನ್ನಲಿಲ್ಲ, ಬರೀ ನೋಡಿದರು. ಅವನೇ ಹಿಂದೆ ಬಂದ. "ಬೈದಿದ್ರ ನಿಂತಬಿಡತಿದ್ದೆ ಮಾರಾಯ, ಹಿಂಗ ನೋಡಿದ್ರ ಹೆಂಗ?" ಎಂದ.

ನನ್ನ ಮುಂದೆ ಮಾರ್ತಾ ಎಂಬ ಮುದುಕಿ ಇದ್ದಳು. ಪ್ರತಿ ಶನಿವಾರ ಬರುತ್ತಾಳೆಂದು ಅವಳ ಕೈಸನ್ನೆಯಿಂದ ತಿಳಿಯಿತು. ಅವಳು ತನ್ನ ಫೋನಿನಲ್ಲಿ ತನ್ನ ನಾಯಿಯನ್ನು ತೋರಿಸಿದಳು. ನನ್ನ ಹೊತ್ತು ಬಂತು ಎಂದು ನಾನು ಸರ್ಜಾನ ಫೋಟೋ ತೆಗೆದೆ. ಈ ಮಂದಿ ಒಂದು ಸಲ ಮುಧೋಳ ನಾಯಿಯನ್ನು ನೋಡಲಿ, ಆಮೇಲೆ ಆ ಉಣ್ಣೆ ಉಂಡೆಯನ್ನು ತಿರುಗಿಯೂ ನೋಡಲಾರರು. ಮಾರ್ತಾ ಕನ್ನಡಕ ಏರಿಸಿ ನೋಡಿದಳು. ಅವಳ ಕಣ್ಣು ತುಂಬಿ ಬಂತು. ಹಿಂದಿನವರಿಗೆ ತೋರಿಸಿದಳು, ಅವರೂ ಚು ಚು ಎಂದರು. ಮೆಚ್ಚಿದರು ಎಂದುಕೊಂಡು ನಾನು ಎದೆ ಉಬ್ಬಿಸಿದೆ. ಅವಳು ಸರ್ಜಾನ ಪಕ್ಕೆಲುಬುಗಳ ಮೇಲೆ ಬೆರಳು ಓಡಿಸಿ, ನನ್ನ ಹೊಟ್ಟೆಯ ಕಡೆ ನೋಡಿ, ಬಾಯಿಗೆ ಕೈ ಒಯ್ದು ಏನೋ ಕೇಳಿದಳು.

ರತ್ನವ್ವನಿಗೆ ಮೊದಲು ಅರ್ಥವಾಯಿತು. "ನಾಯಿಗೆ ಕೂಳ ಹಾಕೂದಿಲ್ಲೇನು, ಎಲ್ಲಾ ನೀವ ತಿಂತೀರೇನು ಅಂತ ಕೇಳಾಕತ್ಯಾಳರಿ."

ಮುಧೋಳ ನಾಯಿ ಇರುವುದೇ ಹಾಗೆ, ಓಡುವ ಮೈ ಅದು ಎಂದು ಹೇಳಲು ನನ್ನ ಬಳಿ ಇದ್ದ ಮಾತು ಒಂದೇ. "ಹೈ ಸ್ಪೀಡ್," ಎಂದೆ. ಅವಳು ನನ್ನ ತೋಳನ್ನು ತಟ್ಟಿದಳು, ಬಡವರನ್ನು ಸಮಾಧಾನ ಮಾಡುವ ಹಾಗೆ.

ಅಷ್ಟರಲ್ಲಿ ತಿಲ್ಲವ್ವ ಬಂದಳು. ಸಾದಾ ಕೋಟು ತೊಟ್ಟ ಅಧ್ಯಕ್ಷೆಯ ಯಜಮಾನರು, ಜೊತೆಗೆ ಇಬ್ಬರು ಕಾವಲುಗಾರರು. ಮಾರ್ತಾಳ ಪಾಳಿ ಮುಗಿಯಿತು. ನಾನು ಮೊಣಕಾಲೂರಿ ಕುಳಿತೆ. ಹತ್ತಿರದಿಂದ ನೋಡಿದರೆ ಅವ್ವ ಹೇಳಿದ್ದು ಖರೆ. ಕುರಿಯ ಮೈ, ನಾಯಿಯ ಕಣ್ಣು. ಹೊಟ್ಟೆಯ ಒಂದು ಕಡೆ ಆಪರೇಶನ್ನಿಗೆ ಕೂದಲು ತೆಗೆದದ್ದು ಇನ್ನೂ ಪೂರಾ ಬೆಳೆದಿರಲಿಲ್ಲ. ಅವಳು ನನ್ನ ಬಲಗೈಯನ್ನು ಮೂಸಿದಳು. ಶೇಂಗಾ ಚಟ್ನಿಯ ವಾಸನೆ ಇರಬೇಕು, ಅಂಗೈಯನ್ನು ಚೆನ್ನಾಗಿ ನೆಕ್ಕಿದಳು.

ಚೀಲ ಎರಡನೆಯ ಸಲ ತೆರೆಯಲು ಬಿಡುತ್ತಾರೋ ಇಲ್ಲವೋ ಎಂದು ನಾನು ಒಂದೇ ಸಲಕ್ಕೆ ಮುಷ್ಟಿ ತುಂಬ ತೆಗೆದೆ. ಅದೇ ತಪ್ಪಾಯಿತು. ಒಂದು ಚಿಟಿಕೆ ಸಾಕಿತ್ತು. ಕಾವಲುಗಾರನೊಬ್ಬ ಕೂಗಿದ. ನನ್ನ ಕೈ ಮುಂದೆ ಹೋಯಿತು. ತೆಗೆದ ಭಂಡಾರ ಮರಳಿ ಚೀಲಕ್ಕೆ ಹೋಗಬಾರದು ಎನ್ನುವುದು ಹುಟ್ಟಿನಿಂದ ಕೈಗೆ ಕಲಿತ ಪಾಠ, ಅದು ತಲೆಯನ್ನು ಕೇಳುವುದಿಲ್ಲ. ಮುಷ್ಟಿ ಮೇಲೆ ಹಾರಿತು. ಗಾಳಿ ಬೀಸಿತು.

ಹಳದಿ ಮೋಡವೊಂದು ತಿಲ್ಲವ್ವನ ಮೇಲೆ, ಅಧ್ಯಕ್ಷೆಯ ಯಜಮಾನರ ಕೋಟಿನ ಮೇಲೆ, ಕಾವಲುಗಾರರ ಕರಿ ಕನ್ನಡಕದ ಮೇಲೆ ಇಳಿಯಿತು. ಮುಂದಿನದನ್ನು ನಾನು ನೆಲಕ್ಕೆ ಮುಖ ಹಚ್ಚಿ ನೋಡಿದೆ. ಆ ದೇಶದ ಹುಲ್ಲು ಬಹಳ ಮೆತ್ತಗಿದೆ.

ಪೊಲೀಸ್ ಕೋಣೆ

ಎತ್ತರದ ಒಬ್ಬ ಹೆಣ್ಣು ಅಧಿಕಾರಿ ಮೇಜಿನ ಮೇಲೆ ಅವ್ವನ ಚೀಲ ಇಟ್ಟುಕೊಂಡು ಕುಳಿತಿದ್ದಳು. ಕುಲಕರ್ಣಿ ಸಾಹೇಬರು ಇನ್ನೂ ಬಂದಿರಲಿಲ್ಲ. ಇದನ್ನು ತಿನ್ನುವ ಪುಡಿ ಎಂದು ಹೇಳಿ ತಂದಿದ್ದೀರಿ, ನಾಯಿಯ ಮೇಲೆ ಯಾಕೆ ಎರಚಿದಿರಿ ಎಂದು ಕೇಳುತ್ತಿದ್ದಾಳೆಂದು ಅವಳ ಕೈಸನ್ನೆಯಿಂದ ತಿಳಿಯಿತು. ವಿಷವಲ್ಲ ಎಂದು ತೋರಿಸಲು ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಒಣ ಅರಿಷಿಣ ಹಲ್ಲಿಗೆಲ್ಲ ಮೆತ್ತಿತು. ಅದೇ ಹೊತ್ತಿಗೆ ನನ್ನ ಫೋಟೋ ತೆಗೆದರು. ಆ ದೇಶದ ಪೊಲೀಸರ ಬಳಿ ಇರುವ ಬೀರಪ್ಪ ಹಳದಿ ಹಲ್ಲು ಬಿಟ್ಟು ನಿಂತವನು.

ಯಾಕೆ ಮಾಡಿದಿರಿ ಎಂದು ಅವಳು ಮತ್ತೆ ಕೇಳಿದಳು. ಊರಿನಲ್ಲಿ ನಾನು ಹತ್ತು ಮಂದಿಗೆ ಬುದ್ಧಿ ಹೇಳುವವನು. ಮಗಳ ಕಾಲೇಜಿನ ಸಭೆಯಲ್ಲಿ ಎದ್ದು ನಿಂತು ಮಾತಾಡಿದವನು. ಅಲ್ಲಿ ನನ್ನ ಬಾಯಿಂದ ಬಂದದ್ದು ಇಷ್ಟು:

"ಮದರ್ ಸ್ಟಾರ್ಟರ್. ಐ ಮೋಟರ್. ಮದರ್ ಆನ್, ಐ ರನ್."

ಪಕ್ಕದವನಿಗೆ ಆ ಮಾತನ್ನು ತಮ್ಮ ಭಾಷೆಯಲ್ಲಿ ಹೇಳಿದಳು. ಇಬ್ಬರೂ ನಗಲು ಶುರು ಮಾಡಿದರು, ಮೂರನೆಯವನು ಬಾಗಿಲು ತೆರೆದು ಏನಾಯಿತೆಂದು ಕೇಳಿ ತಾನೂ ನಕ್ಕ. ನಾನೂ ನಕ್ಕೆ. ನನ್ನ ಹಲ್ಲು ನೋಡಿ ಅವರ ನಗು ಇನ್ನೂ ಜೋರಾಯಿತು.

ಬೆವರು ಒರೆಸಿಕೊಳ್ಳುತ್ತ ಬಂದ ಕುಲಕರ್ಣಿ ಸಾಹೇಬರು ನಡುವೆ ಕುಳಿತು ನಮ್ಮ ಮಾತನ್ನು ಅತ್ತ, ಅವರ ಮಾತನ್ನು ಇತ್ತ ದಾಟಿಸಿದರು. ಅವ್ವನ ಹರಕೆ, ಕುರಿ ಹಿಂಡು, ಆಪರೇಶನ್, ಎಲ್ಲ ಹೇಳಿದೆ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಏನೋ ಹೇಳಿದಳು.

"ಅವರ ತಾಯಿನೂ ಹಂಗ ಅಂತರಿ," ಎಂದರು ಕುಲಕರ್ಣಿ ಸಾಹೇಬರು. "ಡ್ಯೂಟಿ ಮುಗಿಸಿ ಮನಿಗೆ ಹೋದ್ರ ಊಟ ಆತೇನು ಅಂತ ಕೇಳೂದಿಲ್ಲಂತ. ಟಿಲ್ಲಿ ಹೆಂಗದಾಳ ಅಂತ ಕೇಳತಾರಂತ."

ಆಮೇಲೆ ಅಧ್ಯಕ್ಷೆಯ ಮನೆಯಿಂದ ಫೋನ್ ಬಂತು. ಯಾರೂ ಕೇಸು ಹಾಕುವುದಿಲ್ಲ, ಈ ಬಣ್ಣ ಹೋಗುವುದು ಹೇಗೆ ಎಂದಷ್ಟೇ ಕೇಳುತ್ತಿದ್ದಾರೆ ಎಂದರು. ನನಗೆ ಜೀವ ಬಂತು. ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಠೀವಿಯಲ್ಲಿ ಹೇಳಿದೆ: "ಏನೂ ತ್ರಾಸಿಲ್ಲರಿ. ಬಿಸಿಲಿಗೆ ಬಿಡ್ರಿ. ಎರಡ ದಿನದಾಗ ತಾನ ಹಾರತೈತಿ."

ಕುಲಕರ್ಣಿ ಸಾಹೇಬರು ಅದನ್ನು ದಾಟಿಸಿದರು. ಕೋಣೆಯಲ್ಲಿದ್ದವರೆಲ್ಲ ಕಿಟಕಿಯ ಕಡೆ ನೋಡಿದರು. ಹೊರಗೆ ಮಳೆ ಸುರಿಯುತ್ತಿತ್ತು. ನಾವು ಬಂದಾಗಿನಿಂದ ಆ ದೇಶದಲ್ಲಿ ಸೂರ್ಯ ಕಂಡಿರಲಿಲ್ಲ.

ಹೋಟೆಲಿನ ಕೋಣೆ

ಉಳಿದ ದಿನಗಳಲ್ಲಿ ನಾನು ಹೋಟೆಲು ಬಿಟ್ಟು ಹೊರಗೆ ಕಾಲಿಡಬಾರದು ಎಂದು ಕುಲಕರ್ಣಿ ಸಾಹೇಬರು ಹೇಳಿದರು. ರತ್ನವ್ವ ಉಳಿದವರ ಜೊತೆ ಇಡೀ ದೇಶ ನೋಡಿ ಬಂದಳು. ಸರೋವರ, ಹಿಮದ ಗುಡ್ಡ, ಗಾಜಿನ ಸೇತುವೆ. ನಾನು ಟೀವಿಯಲ್ಲಿ ನಾಯಿ ನೋಡಿದೆ. ಪ್ರವಾಸ ಕಥನ ಬರೆಯುವವನು ಹಿಮದ ಗುಡ್ಡದ ಬಗ್ಗೆ ನಾಲ್ಕು ಸಾಲು ಬರೆಯಬೇಕು, ಆದರೆ ಅದನ್ನು ನೀವು ರತ್ನವ್ವನನ್ನೇ ಕೇಳಬೇಕು.

ಟೀವಿಯಲ್ಲಿ ಮುಂಜಾನೆ, ಮಧ್ಯಾಹ್ನ, ಸಂಜೆ ಹಳದಿ ತಿಲ್ಲವ್ವ. ಮೂರನೆಯ ದಿನ ಅವರು ಬುದ್ಧಿವಂತಿಕೆ ಮಾಡಿ ಸಾಬೂನು ಹಚ್ಚಿ ತೊಳೆದರು. ಅರಿಷಿಣಕ್ಕೆ ಸಾಬೂನು ತಾಕಿದರೆ ಏನಾಗುತ್ತದೆಂದು ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ತಿಲ್ಲವ್ವ ಕೆಂಪಾದಳು. ಇಡೀ ದೇಶ ಹಾ ಎಂದಿತು.

ಈರಣ್ಣ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ. "ಲೇ, ಬಣ್ಣ ಹಾಕೂದು ಬನಹಟ್ಟಿ ನೇಕಾರರ ಕೆಲಸ. ನೀ ಮೋಟರ್ ಸುತ್ತಾಂವ, ನಿನಗ್ಯಾಕ ಬೇಕಿತ್ತು? ನನಗ ಹೇಳಿದ್ರ ಪಕ್ಕಾ ಬಣ್ಣ ಹಾಕಿ ಕೊಡತಿದ್ದೆ, ಜಲ್ಮದಾಗ ಹೋಗತಿರಲಿಲ್ಲ."

ನನಗೆ ನಗು ಬರಲಿಲ್ಲ. ನನ್ನ ಚಿಂತೆ ಬೇರೆ ಇತ್ತು. ಮೊದಲು ಹಣೆ, ಆಮೇಲೆ ಬೆನ್ನು ಎಂದು ಅವ್ವ ಹೇಳಿದ್ದಳು. ಕಾವಲುಗಾರ ಕೂಗಿದಾಗ ನನ್ನ ಕೈ ಮುಂದೆ ಹೋದದ್ದು ನೆನಪಿದೆ. ಬೆರಳು ತಿಲ್ಲವ್ವನ ಹಣೆಗೆ ತಾಗಿತೋ, ತಾಗುವ ಮೊದಲೇ ಮುಷ್ಟಿ ಹಾರಿತೋ, ಎಷ್ಟು ನೆನೆದರೂ ತಿಳಿಯದು. ಜನರು ತೆಗೆದ ವಿಡಿಯೋಗಳೆಲ್ಲ ಹಳದಿ ಮೋಡದಿಂದಲೇ ಶುರುವಾಗುತ್ತಿದ್ದವು, ಅದಕ್ಕೆ ಮುಂಚಿನದು ಯಾರ ಬಳಿಯೂ ಇರಲಿಲ್ಲ. ಟೀವಿಗೆ ಮೂಗು ಹಚ್ಚಿ ಅವಳ ಹಣೆ ನೋಡಿದೆ. ಮೈಯೆಲ್ಲ ಒಂದೇ ಬಣ್ಣ ಇರುವಾಗ ಹಣೆಯದು ಯಾವುದೆಂದು ಹೇಗೆ ತಿಳಿಯಬೇಕು?

ರತ್ನವ್ವನನ್ನು ಕೇಳಿದೆ. "ನಾ ನಿಮ್ಮನ್ನ ನೋಡತಿದ್ದೇನ? ಕಾವಲುಗಾರ ಬಂದೂಕ ತಗೀತಾನೇನೋ ಅಂತ ಅವನ್ನ ನೋಡತಿದ್ದೆ" ಎಂದಳು.

"ಅವ್ವ ಕೇಳಿದ್ರ ಏನ್ ಹೇಳಲಿ?"

"ಹಚ್ಚೇನಿ ಅಂದ್ರಾತು."

"ಹಚ್ಚಿದ್ದು ಖರೆ ಗೊತ್ತಿಲ್ಲಲ್ಲ."

ರತ್ನವ್ವ ಬಟ್ಟೆ ಮಡಚುತ್ತ ಅಂದಳು, "ಊರಾಗ ಎಲ್ಲಾರ ಮುಂದ ಏನೇನೋ ಬಡಾಯಿ ಹೊಡೀತೀರಿ. ಅತ್ತಿ ಮುಂದ ಒಂದ ಸುಳ್ಳ ಬರೂದಿಲ್ಲ ನಿಮಗ." ಬೈದಳೋ ಹೊಗಳಿದಳೋ ತಿಳಿಯಲಿಲ್ಲ.

ಹೊರಡುವ ದಿನ ಹೋಟೆಲಿನ ಬಾಗಿಲಿಗೆ ಮಾರ್ತಾ ಬಂದಿದ್ದಳು. ಟೀವಿಯಲ್ಲಿ ನನ್ನನ್ನು ನೋಡಿ ಹುಡುಕಿಕೊಂಡು ಬಂದಳಂತೆ. ಕೈಯಲ್ಲಿ ತುಂಬಿದ ಒಂದು ಚೀಲ. ನಾಯಿಯ ಬಿಸ್ಕೀಟು. ಊಟ ಕಾಣದ ಸರ್ಜಾನಿಗಾಗಿ.

ಮತ್ತೆ ಸಾವಳಗಿ

ಜಮಖಂಡಿಯಿಂದ ಬಸ್ಸು ಸಾವಳಗಿಗೆ ಬಂದು ನಿಂತಾಗ ನಾನು ಎಲ್ಲರಿಗಿಂತ ಹಿಂದೆ ಇಳಿದೆ. ಊರಿಗೆಲ್ಲ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಕಂಡಕ್ಟರನೇ, "ಹಲ್ಲ ತೋರಿಸ್ರಿ ಅಣ್ಣಾರ" ಎಂದಿದ್ದ. ಅಂಗಡಿಯ ಮುಂದೆ ಮಂದಿ ಕೂಡಿದ್ದರು. ಯಾರ ಕಡೆಯೂ ನೋಡದೆ ಹಿಂದಿನ ಬಾಗಿಲಿನಿಂದ ಮನೆ ಹೊಕ್ಕೆ.

ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣಿನ ಕೆಳಗೆ ಕರಿ ಇಳಿದಿತ್ತು. ನಾವು ಹೋದಾಗಿನಿಂದ ಅಜ್ಜಿ ಸರಿಯಾಗಿ ಮಲಗಿಲ್ಲ ಎಂದು ಭಾಗ್ಯಾ ಪಿಸುಮಾತಿನಲ್ಲಿ ಹೇಳಿದಳು. ನಾನು ಎದುರಿಗೆ ಕುಳಿತೆ.

"ಯವ್ವಾ, ಹಾರಿಸಿದ್ದು ಖರೆ. ಹಣಿಗೆ ತಾಗಿತೋ ಇಲ್ಲೋ, ಆಣಿ ಮಾಡಿ ಹೇಳಾಕ ಬರವಲ್ದು. ಗದ್ದಲ ಆತು, ನನಗ ನೆನಪ ಉಳಿಲಿಲ್ಲ."

ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ.

"ಕೈ ನೆಕ್ಕಿತೇನ?" ಎಂದಳು.

"ಏನಂದಿ?"

"ತಿಲ್ಲವ್ವ. ನಿನ್ನ ಕೈ ನೆಕ್ಕಿದ್ಲೇನ?"

"ನೆಕ್ಕಿದ್ಲ ಬೇ. ಮೊದಲಿಗೆ. ಅಂಗೈ ಪೂರಾ."

"ಯಾವ ಕೈ?"

ಬಲಗೈ ಚಾಚಿದೆ. ಆ ಶನಿವಾರದಿಂದ ಈ ಕೈಯನ್ನು ಎಷ್ಟು ಸಲ ತೊಳೆದಿದ್ದೆನೋ. ಅವ್ವ ಅದನ್ನು ಎರಡೂ ಕೈಯಿಂದ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು, ಮೊದಲು ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ.

"ಹಿಂಡಿನಾಗ ನಾಯಿ ಕೈ ನೆಕ್ಕಿತು ಅಂದ್ರ ಒಪ್ಪಿಕೊಂಡ್ತು ಅಂತ. ಆಮ್ಯಾಲ ನೀ ಭಂಡಾರ ಹಣಿಗೆ ಹಚ್ಚು, ಬಾಲಕ್ಕ ಹಚ್ಚು, ಮುಟ್ಟತೈತಿ. ಮತ್ತ ನೀ ಅರಿಷಿಣ ಹಾಕಿದಿ, ಅವರು ತೊಳದು ಕುಂಕುಮ ಮಾಡಿದ್ರು. ಇನ್ನೇನ ಬೇಕ ಹೇಳು?"

"ಇದನ್ನ ಹೋಗೂ ಮುಂದ ಹೇಳಬಾರದೇನ ಬೇ? ವಿಮಾನದಾಗ ಜೀವ ಹಿಡಕೊಂಡ ಬಂದೇನಿ ನಾ!"

"ಹೇಳಿದ್ರ ನೀ ಹಚ್ಚತಿದ್ದಿಲ್ಲ. ಬರೇ ಕೈ ನೆಕ್ಕಿಸಿಕೊಂಡು ಬರತಿದ್ದಿ." ಆಮೇಲೆ ನನ್ನ ಕೈ ಬಿಟ್ಟು ಅಂದಳು, "ಏಳು, ಕೈ ತೊಳಕೋ. ನಾಯಿ ನೆಕ್ಕೇತಿ. ಉಣ್ಣುವಂತಿ."

ಉಂಡೆ. ಹಿತ್ತಲಿನಲ್ಲಿ ಸರ್ಜಾನಿಗೆ ಮಾರ್ತಾಳ ಬಿಸ್ಕೀಟು ಹಾಕಿದೆ. ಮೂಸಿ ನೋಡಿ, ನನ್ನ ಮುಖ ನೋಡಿ, ತನ್ನ ರೊಟ್ಟಿಯ ತಟ್ಟೆಯ ಹತ್ತಿರ ಹೋಗಿ ಕುಳಿತ. ಅವನ ಪಕ್ಕೆಲುಬುಗಳನ್ನು ಮೊದಲ ಸಲ ಎಣಿಸಬೇಕೆಂದುಕೊಂಡೆ, ಬಿಟ್ಟೆ.

ಒಳಗೆ ಬಂದಾಗ ಅವ್ವ ಪಡಸಾಲೆಯ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಸೆರಗು ಮುಖದ ಮೇಲೆ. ಭಾಗ್ಯಾಳ ಫೋನು ಕೈಯಲ್ಲೇ ಇತ್ತು, ಅದರಲ್ಲಿ ತಿಲ್ಲವ್ವ ಇನ್ನೂ ಸ್ವಲ್ಪ ಕೆಂಪಾಗಿ ಹುಲ್ಲಿನ ಮೇಲೆ ಉರುಳುತ್ತಿದ್ದಳು. ಅವ್ವನ ಗೊರಕೆ ಓಣಿಗೆ ಕೇಳುವ ಹಾಗಿತ್ತು.

ಅಷ್ಟರಲ್ಲಿ ಹೊರಗಿನ ಮಂದಿ ತಾಳಲಾರದೆ ಅಂಗಡಿಯ ಬಾಗಿಲು ದಾಟಿ ಪಡಸಾಲೆಯ ಮೆಟ್ಟಿಲಿಗೇ ಬಂದರು. ಚಹಾದಂಗಡಿಯವರು, ಮೋಟರ್ ತಂದವರು, ಪಕ್ಕದ ಓಣಿಯವರು. "ಬೀರಪ್ಪಣ್ಣ, ಹೇಳಪಾ ಮೊದಲಿಂದ, ಏನೇನಾತು?" ಇಂಥ ಸಭೆ ನನಗೆ ಮತ್ತೆ ಸಿಗಲಾರದು. ಹೇಳಲು ಬಾಯಿ ತೆರೆದೆ. ಅಂತಾರಾಷ್ಟ್ರೀಯ ಮಟ್ಟದ ಸುದ್ದಿ, ಪೊಲೀಸು, ಅಧ್ಯಕ್ಷೆಯ ಮನೆಯ ಫೋನು, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು.

ಅವ್ವ ನಿದ್ದೆಯಲ್ಲಿ ಹೊರಳಿದಳು.

ನಾನು ತುಟಿಯ ಮೇಲೆ ಬೆರಳಿಟ್ಟೆ. "ಗದ್ದಲ ಮಾಡಬ್ಯಾಡ್ರೋ," ಎಂದೆ. "ಅವ್ವ ಮಲಗ್ಯಾಳ. ನಾಳೆ ಬರ್ರಿ."